ನೌಕರಿಗೂ ಮದುವೆಗೂ ಮೊದಲೇ ನಾವು ದೊಡ್ಡವರು: ಮನೆಯ ಹಿರಿಯರಿಗೊಂದು ಬಹಿರಂಗ ಪತ್ರ

ಧಾರವಾಡ

ನಮ್ಮ ಊರುಗಳ ಅಪ್ಪ-ಅವ್ವಂದಿರಿಗೆ, ಕಾಕಾ-ಚಿಗವ್ವಂದಿರಿಗೆ, ಸೋದರಮಾವ-ಅತ್ತೆಯರಿಗೆ,

ಮನೆಯಲ್ಲಿ ಹೇಳಬೇಕಾದ್ದನ್ನು ಊರಿಗೆಲ್ಲ ಯಾಕೆ ಹೇಳಿದಳು ಎಂದು ಬೇಸರಪಡಬೇಡಿ. ಇದು ಒಂದು ಮನೆಯ ಮಾತಾಗಿದ್ದರೆ ಫೋನಿನಲ್ಲೇ ಮುಗಿಯುತ್ತಿತ್ತು. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಧಾರವಾಡದ ಸಪ್ತಾಪುರದ ಸುತ್ತಮುತ್ತ ಕಾಟ್ ಬೇಸಿಸ್ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಎಲ್ಲರ ಮನೆಯ ಮಾತು ಇದು. ನಾನೂ ಅವರಲ್ಲಿ ಒಬ್ಬಳು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಒಣಬೇಸಾಯದ ಮನೆಯವಳು. ವಯಸ್ಸು ಇಪ್ಪತ್ತೇಳು. ಬೆಳಿಗ್ಗೆ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಮಧ್ಯಾಹ್ನದ ಮೇಲೆ ಓದುತ್ತೇನೆ. ನೌಕರಿ ಇನ್ನೂ ಹತ್ತಿಲ್ಲ, ಮದುವೆ ಆಗಿಲ್ಲ.

ನಾನು ಬೇಡುವುದು ಒಂದೇ. ನೌಕರಿ ಹತ್ತಲಿ, ಮದುವೆಯಾಗಲಿ, ಆಮೇಲೆ ನೋಡೋಣ ಎನ್ನದೆ, ನಮ್ಮನ್ನು ಈಗಲೇ ಮನೆಯ ದೊಡ್ಡವರ ಸಾಲಿಗೆ ಸೇರಿಸಿಕೊಳ್ಳಿ.

ಈ ದೇಶ ನಮ್ಮನ್ನು ಆ ಸಾಲಿಗೆ ಎಂದೋ ಸೇರಿಸಿದೆ. ನಿಮ್ಮಲ್ಲಿ ಅನೇಕರು ಮೊದಲ ಸಲ ಓಟು ಹಾಕಲು 21 ವರ್ಷ ತುಂಬುವವರೆಗೆ ಕಾದಿದ್ದೀರಿ. 1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು. 21 ತುಂಬಿದರೆ ಗ್ರಾಮ ಪಂಚಾಯಿತಿ ಚುನಾವಣೆಗೆ, 25 ತುಂಬಿದರೆ ವಿಧಾನಸಭೆಗೆ ನಿಲ್ಲಬಹುದು. ಹೀಗಿದ್ದೂ ನಮ್ಮದೇ ಪಡಸಾಲೆಯಲ್ಲಿ ಹೊಲವನ್ನು ಲಾವಣಿಗೆ ಹಾಕುವ ಮಾತೋ, ಸೊಸೈಟಿ ಸಾಲದ ಮಾತೋ ಬಂದರೆ, "ಇದು ದೊಡ್ಡವರ ಮಾತು, ನೀ ಒಳಗ ಹೋಗು" ಎನ್ನುತ್ತೀರಿ. ಇದೇ ಮನೆಯಲ್ಲಿ ಇಪ್ಪತ್ತೆರಡಕ್ಕೆ ಮದುವೆಯಾದ ತಮ್ಮನಿಗೆ ಆ ಮಾತಿನಲ್ಲಿ ಪಾಲಿದೆ. ಇಪ್ಪತ್ತೊಂಬತ್ತಾದರೂ ಮದುವೆಯಾಗದ ಅಣ್ಣನಿಗೆ ಇಲ್ಲ. ಪೊಲೀಸ್ ಪೇದೆಯಾಗಿ ಆಯ್ಕೆಯಾದ ಮಗ ಮರುದಿನದಿಂದಲೇ ಸಲಹೆ ಕೊಡಬಲ್ಲವನಾಗುತ್ತಾನೆ. ಹಿಂದಿನ ದಿನವೂ ಅವನ ತಲೆಯಲ್ಲಿ ಅಷ್ಟೇ ಬುದ್ಧಿ ಇತ್ತಲ್ಲವೆ?

ನಮ್ಮ ದಿನ ಹೇಗೆ ನಡೆಯುತ್ತದೆ ಎಂದು ನಿಮಗೆ ಹೇಳಬೇಕು, ಯಾಕೆಂದರೆ ನಿಮ್ಮಲ್ಲಿ ಹೆಚ್ಚಿನವರು ನಮ್ಮ ಕೋಣೆಗಳನ್ನು ನೋಡಿಲ್ಲ. ಒಂದು ಕೋಣೆಯಲ್ಲಿ ಮೂರೋ ನಾಲ್ಕೋ ಮಂಚ. ಮಂಚದ ಕೆಳಗೆ ಟ್ರಂಕು, ಅದರ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಕಟ್ಟುಗಳು. ಕೋಣೆಯಲ್ಲಿ ಓದಲು ಜಾಗವಿಲ್ಲದ್ದರಿಂದ ತಿಂಗಳಿಗಿಷ್ಟೆಂದು ಕೊಟ್ಟು ರೀಡಿಂಗ್ ರೂಮಿನಲ್ಲಿ ಒಂದು ಕುರ್ಚಿ ಹಿಡಿಯುತ್ತೇವೆ. ಎಷ್ಟೋ ಮಂದಿಗೆ ಊರಿನ ಬಸ್ಸಿನಲ್ಲೇ ಬುತ್ತಿ ಬರುತ್ತದೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಪಲ್ಯ. ಆ ಬುತ್ತಿ ಕಟ್ಟಲು ಅವ್ವ ಎಷ್ಟು ಹೊತ್ತಿಗೆ ಎದ್ದಿರುತ್ತಾಳೆ ಎಂದು ನಮಗೆ ಗೊತ್ತಿದೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಯಾವ ಅಧಿಸೂಚನೆ ಬಂದರೂ ಅರ್ಜಿ ಹಾಕುತ್ತೇವೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬೇರೆ ಜಿಲ್ಲೆಯ ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚು ಉಳಿದಿದೆ. ಅಷ್ಟರಮಟ್ಟಿಗೆ ಮನೆಗೆ ಹಣ ಕೇಳುವುದು ತಪ್ಪಿದೆ.

"ಎಷ್ಟ ವರ್ಷ ಓದ್ತೀ?" ಎಂದು ನೀವು ಕೇಳುತ್ತೀರಿ. ಉತ್ತರ ನಮ್ಮೊಬ್ಬರ ಕೈಯಲ್ಲಿಲ್ಲ. ಎರಡು ಪರೀಕ್ಷೆಗಳ ಕಥೆಯನ್ನಷ್ಟೇ ಹೇಳುತ್ತೇನೆ, ಎರಡೂ ಪತ್ರಿಕೆಗಳಲ್ಲಿ ಬಂದವೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಮೊದಲ ಪರೀಕ್ಷೆ ಬರೆಯುವಾಗ 24 ವರ್ಷದವನಾಗಿದ್ದ ಹುಡುಗ ಎರಡನೆಯದನ್ನು ಬರೆಯುವ ಹೊತ್ತಿಗೆ 26 ದಾಟಿದ್ದ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದದಲ್ಲಿ ತಪ್ಪುಗಳಿದ್ದವು. ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು, ಡಿಸೆಂಬರ್ 29ರಂದು ಮತ್ತೊಮ್ಮೆ ಬರೆಯಬೇಕಾಯಿತು. ತಪ್ಪು ಮಾಡದ ಸಾವಿರಾರು ಮಕ್ಕಳು ಈ ಎರಡೂ ಸಲ ತಮ್ಮ ವಯಸ್ಸನ್ನು ತೆತ್ತರು.

ಓದು ಮುಗಿಸಿದ ಮೇಲೆ ಕೆಲಸಕ್ಕೆ ಕಾಯಬೇಕಾಗುತ್ತದೆ ಎಂಬುದನ್ನು ಸರ್ಕಾರವೂ ಒಪ್ಪಿಕೊಂಡಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ ಇರುವುದೇ ಅದಕ್ಕೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ನೀವು ಮಣ್ಣಿನ ಜೊತೆ ಬಾಳಿದವರು. ಮುಂಗಾರು ತಡವಾದರೆ ಬಿತ್ತಿಗೆ ತಡವಾಗುತ್ತದೆ, ಅದಕ್ಕೆ ನೀವು ಹೊಲವನ್ನು ಬಯ್ಯುವುದಿಲ್ಲ. ಅಷ್ಟೇ ತಾಳ್ಮೆಯಿಂದ ನಮ್ಮನ್ನೂ ನೋಡಿ.

ಕಾಯುವುದು ಕಷ್ಟವೇ, ಆದರೆ ಕಾಯುವಷ್ಟು ಕಾಲ ಮನೆಯಲ್ಲಿ ನಮಗೆ ಸ್ಥಾನವಿಲ್ಲದಿರುವುದು ಅದಕ್ಕಿಂತ ಕಷ್ಟ. ಜಾತ್ರೆಗೋ ಮದುವೆಗೋ ಊರಿಗೆ ಬಂದರೆ ಅಂಗಳ ದಾಟುವುದರೊಳಗೆ, "ಏನವಾ, ಇನ್ನೂ ನೌಕರಿ ಹತ್ತಲಿಲ್ಲೇನು?" ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳುವವರಿಗೆ ನಮ್ಮ ಮೇಲೆ ಅಕ್ಕರೆ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದೇ ಪ್ರಶ್ನೆಗೆ ಅದೇ "ಇಲ್ಲ" ಎಂಬ ಉತ್ತರವನ್ನು ಒಂದೇ ಮದುವೆಮನೆಯಲ್ಲಿ ಹತ್ತಾರು ಸಲ ಹೇಳಬೇಕಾದವರು ಮುಂದಿನ ಮದುವೆಗೆ ಬರುವುದಿಲ್ಲ. ಪರೀಕ್ಷೆ ಇದೆ ಎಂದು ಹೇಳಿ ಧಾರವಾಡದಲ್ಲೇ ಉಳಿಯುತ್ತಾರೆ. ಅಕ್ಕನ ಸೀಮಂತಕ್ಕೆ ಹೋಗದವರು, ಅಜ್ಜನ ದಿನದೂಟ ಮುಗಿದ ಮರುದಿನವೇ ಬಸ್ ಹತ್ತಿದವರು ನಮ್ಮ ಕೋಣೆಗಳಲ್ಲಿ ಇದ್ದಾರೆ. ಮಕ್ಕಳು ಊರನ್ನು ಮರೆತರು ಎಂದು ನೀವು ನೊಂದುಕೊಳ್ಳುತ್ತೀರಿ. ಅವರು ಮರೆತಿಲ್ಲ. ಊರಿನಲ್ಲಿ ಕೂತು ಮಾತನಾಡಲು ಅವರಿಗೆ ಬೇರೆ ವಿಷಯ ಉಳಿದಿಲ್ಲ.

ಹುಡುಗಿಯರ ಮಾತು ಇನ್ನೂ ಬಿಗಿ. ಹುಡುಗನಿಗೆ ಪರೀಕ್ಷೆಯ ವಯೋಮಿತಿ ಮುಗಿಯುವವರೆಗೆ ಸಮಯ ಸಿಗುತ್ತದೆ. ನಮಗೆ ಒಳ್ಳೆಯ ಸಂಬಂಧ ಬರುವವರೆಗೆ ಮಾತ್ರ. ನನ್ನ ಪಕ್ಕದ ಮಂಚದವಳು ಮುಖ್ಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಹಬ್ಬಕ್ಕೆಂದು ಕರೆಸಿಕೊಂಡ ಮನೆಯವರು ವರನ ಕಡೆಯವರನ್ನೂ ಅದೇ ದಿನ ಕರೆಸಿದ್ದರು. ಅವಳಿಗೆ ಅದು ಗೊತ್ತಾದದ್ದು ಸೀರೆ ಉಡು ಎಂದಾಗ. ಮದುವೆ ಬೇಡ ಎಂಬುದು ಅವಳ ಮಾತಾಗಿರಲಿಲ್ಲ. ತನ್ನನ್ನು ಮೊದಲು ಕೇಳಬೇಕಿತ್ತು ಎಂಬುದಷ್ಟೇ ಅವಳ ನೋವು.

ಇನ್ನೊಂದು ವಿಷಯವನ್ನು ವಿನಯದಿಂದಲೇ, ಆದರೆ ನೇರವಾಗಿ ಹೇಳುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಡುವ ತಿದ್ದುಪಡಿಯನ್ನು ನಮ್ಮ ರಾಜ್ಯ 1994ರಲ್ಲೇ ತಂದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆಮೇಲೆ ಅನೇಕ ಮನೆಗಳಲ್ಲಿ ವಾಟ್ನಿಯ ಹೊತ್ತಿಗೆ ಹೆಣ್ಣುಮಕ್ಕಳನ್ನು ಕರೆಸಿ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಆ ದಿನ ಉಪನೋಂದಣಿ ಕಚೇರಿಯಲ್ಲಿ ನಾವು ದೊಡ್ಡವರು. ಮನೆಗೆ ಮರಳಿ ಆ ಹೊಲದ ಮೇಲೆ ಎಷ್ಟು ಸಾಲವಿದೆ ಎಂದು ಕೇಳಿದರೆ ಮತ್ತೆ ಸಣ್ಣವರು. ಸಹಿಗೆ ಬೇಕಾದವರು ಸಮಾಲೋಚನೆಗೂ ಬೇಕು.

ಹುಡುಗರ ಪಾಡನ್ನೂ ಹೇಳದಿದ್ದರೆ ಅನ್ಯಾಯವಾದೀತು. ಓದು ಬಿಟ್ಟು ಹೊಲಕ್ಕೆ ಮರಳಿದ ಅಣ್ಣಂದಿರಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ಯುವಕರು, ಅವರಲ್ಲಿ ಅನೇಕರು ರೈತರು, ಕಂಕಣಭಾಗ್ಯ ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮ ಭಾಗದ ಹಳ್ಳಿಗಳಲ್ಲೂ ಅಂಥ ಮನೆಗಳಿವೆ. ಮಗ ಒಕ್ಕಲುತನ ಮುಂದುವರಿಸಲಿ ಎನ್ನುವ ತಂದೆಯೇ ಮಗಳಿಗೆ ವರ ಹುಡುಕುವಾಗ, "ಹುಡುಗ ಸರ್ಕಾರಿ ನೌಕರಿಯಾಂವ ಇರಬೇಕು" ಎನ್ನುತ್ತಾರೆ. ಮಗಳು ಕಷ್ಟಪಡಬಾರದು ಎಂಬ ಕಳಕಳಿ ಅದರ ಹಿಂದಿದೆ, ನಿಜ. ಆದರೆ ಆ ಒಂದು ಷರತ್ತು ಊರಿನ ಎಲ್ಲ ಹುಡುಗರನ್ನೂ ಒಂದೇ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸುತ್ತದೆ. ಆ ಬಾಗಿಲು ದಾಟುವುದು ಕೆಲವರು ಮಾತ್ರ. ಉಳಿದವರಿಗೆ ಬದುಕೇ ಇಲ್ಲವೆಂಬಂತೆ ನಾವು ಮಾತನಾಡಬಾರದು.

ನಮ್ಮನ್ನು ದೊಡ್ಡವರೆಂದು ಎಣಿಸಿದರೆ ಏನು ಲಾಭ ಎಂದು ನೀವು ಕೇಳಬಹುದು. ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ನಮ್ಮ ಗೋವಿನಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿತು. ಅಲ್ಲಿಯವರೆಗೆ ಹಣದ ಮಾತೆತ್ತಿದರೆ ಅಪ್ಪ ಹೇಳುತ್ತಿದ್ದುದು ಒಂದೇ: "ನಿನಗ್ಯಾಕ ಬೇಕು ಅದೆಲ್ಲಾ, ನೀ ಓದು ಅಷ್ಟ." ಅದು ಪ್ರೀತಿಯ ಮಾತು. ಆದರೆ ಆ ಮಾತಿನ ನಂತರ ಬರುವ ಪ್ರತಿ ಬುತ್ತಿಯೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಯಾಕೆಂದರೆ ಮನೆಯಲ್ಲಿ ಏನಾಗುತ್ತಿದೆ ಎಂದು ಊಹಿಸುವುದೊಂದೇ ನನಗೆ ಉಳಿದಿತ್ತು. ಊಹೆಯಲ್ಲಿ ಸಾಲ ನಿಜಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ.

ಆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಪಾಸ್‌ಬುಕ್ಕು, ಸೊಸೈಟಿ ಸಾಲದ ಕಾಗದ, ಗೊಬ್ಬರದಂಗಡಿಯ ಉದ್ರಿ ಚೀಟಿ, ಹೊಲದ ಉತಾರ ಎಲ್ಲ ತಂದು ನನ್ನ ಮುಂದೆ ಇಟ್ಟರು. "ಇಷ್ಟ ಐತಿ ನೋಡವಾ. ಏನ್ ಮಾಡೂಣು ಹೇಳು" ಎಂದರು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಕೂತಳು, ತನ್ನ ಮಹಿಳಾ ಸಂಘದ ಕಂತಿನ ಲೆಕ್ಕ ಹೇಳಿದಳು. ಮೂವರೂ ಕೂತು ಬರೆದೆವು. ಬರ ಪರಿಹಾರದ ಹಣ ಹೋಗುವುದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿರುವ ಜಮೀನಿನ ವಿವರದ ಮೇಲೆ ಎಂದು ನಾನು ಪರೀಕ್ಷೆಗೆಂದು ಓದಿದ್ದೆ. ನೋಡಿದರೆ ನಮ್ಮ ಒಂದು ಸರ್ವೆ ನಂಬರ್ ಅದರಲ್ಲಿ ಸೇರಿಯೇ ಇರಲಿಲ್ಲ. ಉತಾರ, ಆಧಾರ್ ಪ್ರತಿ ಹಿಡಿದು ಅಪ್ಪನ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸೇರಿಸಿದೆ. ಪ್ರಚಲಿತ ವಿದ್ಯಮಾನ ಎಂದು ಟಿಪ್ಪಣಿ ಮಾಡಿಕೊಂಡಿದ್ದು ನಮ್ಮದೇ ಹೊಲದ ಕೆಲಸಕ್ಕೆ ಬಂತು. ಧಾರವಾಡಕ್ಕೆ ಮರಳಿದ ಮೇಲೆ ಶಾಲೆಯ ಕೆಲಸ ಹಿಡಿದೆ, ಕಡಿಮೆ ಬಾಡಿಗೆಯ ಕೋಣೆಗೆ ಬದಲಾದೆ. ಓದುವ ಹೊತ್ತು ಕಡಿಮೆಯಾಯಿತು, ಆದರೆ ಓದು ಮೊದಲಿಗಿಂತ ನೆಟ್ಟಗೆ ಸಾಗುತ್ತಿದೆ. ಸಾಲ ತೀರಿಲ್ಲ. ಅದು ಎಷ್ಟಿದೆ, ಯಾವ ತಿಂಗಳು ಯಾರ ಕಂತು ಎಂಬುದು ಮೂವರಿಗೂ ಗೊತ್ತಿದೆ. ಆ ಸಂಜೆಯಿಂದ ನಾನು ಮನೆಗೆ ಹೊರೆ ಎಂಬ ಭಾವನೆ ನನ್ನನ್ನು ಬಿಟ್ಟು ಹೋಗಿದೆ.

ಈ ಭರವಸೆಯಿಂದ ನಿಮ್ಮ ಮುಂದೆ ಕೆಲವು ಕೋರಿಕೆಗಳನ್ನು ಇಡುತ್ತೇನೆ.

ಮೊದಲನೆಯದು, ಮನೆಯ ಲೆಕ್ಕವನ್ನು ನಮ್ಮಿಂದ ಮುಚ್ಚಿಡಬೇಡಿ. ಸಾಲ, ಕಂತು, ಅಡವಿಟ್ಟ ಬಂಗಾರ, ಅಪ್ಪನ ಸಕ್ಕರೆ ಕಾಯಿಲೆ, ಅವ್ವನ ಮೊಣಕಾಲು ನೋವು, ಎಲ್ಲವನ್ನೂ ಹೇಳಿ. ಓದಿಗೆ ತೊಂದರೆಯಾದೀತು ಎಂದು ನೀವು ಮುಚ್ಚಿಟ್ಟರೂ ಅದು ನೆರೆಯವರ ಬಾಯಿಂದ, ತಡವಾಗಿ, ತಪ್ಪಾಗಿ ನಮ್ಮನ್ನು ಮುಟ್ಟುತ್ತದೆ.

ಎರಡನೆಯದು, ಕೇಳುವ ಪ್ರಶ್ನೆಯನ್ನು ಬದಲಿಸಿ. "ನೌಕರಿ ಹತ್ತಿತೇನು?" ಎಂದು ಕೇಳಬೇಕಿಲ್ಲ, ಹತ್ತಿದ ದಿನ ನಿಮಗಿಂತ ಮೊದಲು ಯಾರಿಗೂ ಹೇಳುವುದಿಲ್ಲ. ಈಗ ಏನು ಓದುತ್ತಿದ್ದೀ, ಕೋಣೆಯಲ್ಲಿ ಯಾರಿದ್ದಾರೆ, ನಿದ್ದೆ ಬರುತ್ತದೆಯೇ ಎಂದು ಕೇಳಿ. ಹೊಲದ ಬಗ್ಗೆ, ಮನೆ ಕಟ್ಟುವ ಬಗ್ಗೆ ನಮ್ಮ ಅಭಿಪ್ರಾಯ ಕೇಳಿ. ಕಟ್ಟೆಯ ಮೇಲೆ ಕೂತವರು ನಿಮ್ಮನ್ನು ಚುಚ್ಚಿ ಕೇಳಿದರೆ ತಲೆ ತಗ್ಗಿಸಬೇಡಿ. "ಓದಾಕತ್ಯಾಳ, ಮನಿ ಲೆಕ್ಕಾನೂ ಆಕಿನ ನೋಡ್ತಾಳ" ಎಂದು ಹೇಳಿ. ನೀವು ಹಾಗೆ ಹೇಳಿದಿರಿ ಎಂಬ ಸುದ್ದಿ ನಮ್ಮ ಕಿವಿಗೆ ಬಿದ್ದರೆ ಸಾಕು, ನಮಗೆ ಆನೆಬಲ ಬರುತ್ತದೆ.

ಮೂರನೆಯದು, ಗಡುವನ್ನು ಒಟ್ಟಿಗೆ ಕೂತು ಗೊತ್ತುಮಾಡೋಣ. ಇನ್ನೆಷ್ಟು ವರ್ಷ, ಯಾವ ಪರೀಕ್ಷೆಗಳು, ಆಗದಿದ್ದರೆ ಮುಂದೇನು ಎಂಬುದನ್ನು ಮನೆಯವರೆಲ್ಲ ಕೂತು ನಿರ್ಧರಿಸಿದರೆ ಅದು ನಮಗೂ ಒಪ್ಪಿಗೆ. ಆ ಗಡುವು ಮುಗಿದ ಮೇಲೆ ಖಾಸಗಿ ಕೆಲಸ ಹಿಡಿದರೂ, ಅಂಗಡಿ ಹಾಕಿದರೂ, ಒಕ್ಕಲುತನ ಮಾಡಿದರೂ ಅದನ್ನು ಸೋಲು ಎನ್ನಬೇಡಿ. ಪರೀಕ್ಷೆಗೆಂದು ಕಲಿತ ಕಾನೂನು, ಗಣಿತ, ಇತಿಹಾಸ ಎಲ್ಲಿಗೂ ಹೋಗುವುದಿಲ್ಲ.

ನಾಲ್ಕನೆಯದು, ಮದುವೆಯ ಮಾತು. ನಮ್ಮ ಫೋಟೊ, ಬಯೋಡೇಟಾ ಮನೆಯ ಹೊಸ್ತಿಲು ದಾಟುವ ಮೊದಲು ನಮ್ಮನ್ನು ಕೇಳಿ. ಹೆಣ್ಣಾಗಲಿ ಗಂಡಾಗಲಿ, ಇಬ್ಬರನ್ನೂ ಕೇಳಿ. ಮಗಳಿಗೆ ವರ ನೋಡುವಾಗ ಸಂಬಳದ ಜೊತೆಗೆ ಆ ಮನೆಯಲ್ಲಿ ಸೊಸೆಯ ಮಾತಿಗೆ ಬೆಲೆಯಿದೆಯೇ ಎಂದು ವಿಚಾರಿಸಿ. ದುಡಿಯುವ ರೈತ ಹುಡುಗನ ಮನೆಯಲ್ಲಿ ಅದು ಇದ್ದರೆ ಅವನ ಹೆಸರನ್ನೂ ನಮ್ಮ ಮುಂದೆ ಇಡಿ. ವರದಕ್ಷಿಣೆಯನ್ನು ನಿಷೇಧಿಸಿದ ಕಾನೂನು 1961ರದು. ನಮ್ಮ ಹೆಸರಿನಲ್ಲಿ ಅದನ್ನು ಕೊಡಲೂ ಬೇಡಿ, ತರಲೂ ಬೇಡಿ.

ಐದನೆಯದು, ಮಾತು ಕಡಿಮೆಯಾದ ಮಗನನ್ನು, ಫೋನೆತ್ತದ ಮಗಳನ್ನು ಸೊಕ್ಕಿನವರು ಎನ್ನಬೇಡಿ. ಫಲಿತಾಂಶ ಬಂದ ವಾರದಲ್ಲಿ ಒಮ್ಮೆ ಧಾರವಾಡಕ್ಕೆ ಬಂದು ಹೋಗಿ. ಬಂದವರು ಬುದ್ಧಿ ಹೇಳಬೇಕಾಗಿಲ್ಲ, ಖಾನಾವಳಿಯಲ್ಲಿ ಒಟ್ಟಿಗೆ ಕೂತು ಉಂಡರೆ ಸಾಕು. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ. ಅಲ್ಲಿಗೆ ಹೋಗುವುದು ಜ್ವರಕ್ಕೆ ವೈದ್ಯರ ಬಳಿ ಹೋದಷ್ಟೇ ಸಹಜವೆಂದು ನೀವೇ ಮೊದಲು ಹೇಳಿದರೆ ನಮ್ಮ ಅರ್ಧ ಅಂಜಿಕೆ ಕಳೆಯುತ್ತದೆ.

ಕೇಳುವುದಷ್ಟೇ ನಮ್ಮ ಕೆಲಸವಲ್ಲ, ಕೊಡುವ ಮಾತೂ ಇದೆ. ದೊಡ್ಡವರ ಸಾಲಿನಲ್ಲಿ ಕೂತ ಮೇಲೆ ನಾವೂ ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಬಂದ ಅಂಕ ಎಷ್ಟು, ಕಟ್ ಆಫ್‌ಗೆ ಎಷ್ಟು ಕಡಿಮೆಯಾಯಿತು ಎಂದು ಇದ್ದದ್ದು ಇದ್ದಂತೆ ಹೇಳುತ್ತೇವೆ. ಮನಸ್ಸಿನಲ್ಲಿ ಯಾರಾದರೂ ಇದ್ದರೆ ಅದನ್ನೂ ನಿಮ್ಮ ಮುಂದೆಯೇ ಹೇಳುತ್ತೇವೆ. ನೀವು ಕೇಳಿಸಿಕೊಳ್ಳುವಿರಿ ಎಂಬ ಧೈರ್ಯ ಕೊಡಿ. ಮನೆಯ ಖರ್ಚಿನಲ್ಲಿ ನಮ್ಮ ಪಾಲು ಎಷ್ಟೇ ಸಣ್ಣದಿರಲಿ, ಹೊರುತ್ತೇವೆ. ಬ್ಯಾಂಕು, ತಹಶೀಲ್ದಾರ್ ಕಚೇರಿ, ಆಸ್ಪತ್ರೆ ಎಂದು ನೀವು ಒಬ್ಬರೇ ಅಲೆಯುವುದನ್ನು ಇನ್ನು ಮೇಲೆ ಇಬ್ಬರಾಗಿ ಮಾಡೋಣ.

ಪಂಚಮಿಗೆ ನಾವೆಲ್ಲ ಊರಿಗೆ ಬರುತ್ತೇವೆ. ಉಂಡಿ ಕಟ್ಟುವುದು, ಜೋಕಾಲಿ ಹಾಕುವುದು ಇದ್ದೇ ಇದೆ. ಈ ಸಲ ಹಬ್ಬದ ಒಂದು ಸಂಜೆಯನ್ನು ಮಾತುಕತೆಗೆ ಬಿಡುವು ಮಾಡಿಕೊಳ್ಳಿ. ಪಡಸಾಲೆಯಲ್ಲಿ ಕಾಗದಪತ್ರ ಬಿಚ್ಚಿ ಕೂತಾಗ ಮಗಳನ್ನೂ ಮದುವೆಯಾಗದ ಮಗನನ್ನೂ ಹೆಸರು ಹಿಡಿದು ಕರೆದು ಕೂರಿಸಿಕೊಳ್ಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಒಪ್ಪಿದರೆ ಒಪ್ಪಿದೆವು ಎನ್ನಿ, ಒಪ್ಪದಿದ್ದರೆ ಕಾರಣ ಹೇಳಿ. ನಮ್ಮ ಬೇಡಿಕೆ ಇದಕ್ಕಿಂತ ಹೆಚ್ಚಿನದಲ್ಲ, ಮತ್ತು ಇದಕ್ಕೆ ನೀವು ಯಾವ ಅಧಿಸೂಚನೆಗೂ ಕಾಯಬೇಕಾಗಿಲ್ಲ.

ಮಾತಿನಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂತಿ,
ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಮನೆಗಳ ಮಗಳು